‘ಮೊನ್ನೆ’ ಅಂದರೆ ಯಾವತ್ತು?

“ಕೊನೇ ಟ್ಯೂಬ್ ಯಾವತ್ತು ಹಾಕಿದ್ರಿ?”

“ಮೊನ್ನೆ, ಡಾಕ್ಟ್ರೇ.”

“ಮೊನ್ನೆ ಅಂದ್ರೆ?”

“ಮೊನ್ನೆನೇ. ಮಳೆ ಬಂತಲ್ಲ, ಅವತ್ತು.”

ಈ ವಾರ ಒಂದು ಕೊಟ್ಟಿಗೆಯ ಬಾಗಿಲಲ್ಲಿ ನಡೆದ ಮಾತು. ಹಸುವಿಗೆ ಕೆಚ್ಚಲು ಬಾವು, ಹಿಂದಿನ ಎಡ ಮೊಲೆಗೆ ಆ್ಯಂಟಿಬಯಾಟಿಕ್ ಟ್ಯೂಬ್ ಏರಿಸಿದ್ದರು. ಉಳಿದ ಮೂರು ಮೊಲೆಗಳ ಹಾಲು ಮಾತ್ರ ಎಂದಿನಂತೆ ಕ್ಯಾನಿಗೆ ಹೋಗುತ್ತಿತ್ತು. ಒಂದು ಮೊಲೆಗೆ ಹಾಕಿದ ಔಷಧಿ ರಕ್ತಕ್ಕಿಳಿದು ಉಳಿದವಕ್ಕೂ ಬರಬಹುದು. ಹಾಗಾಗಿ ನಾಲ್ಕರ ಹಾಲನ್ನೂ ಕ್ಯಾನಿಗೆ ಹಾಕದೆ ಚೆಲ್ಲಬೇಕು. ಎಷ್ಟು ಹೊತ್ತು ಎಂಬುದು ಲೇಬಲ್ಲಿನಲ್ಲಿರುತ್ತದೆ, ಔಷಧಿಯಿಂದ ಔಷಧಿಗೆ ಬೇರೆ. ಎಣಿಕೆ ಕೊನೆಯ ಡೋಸಿನಿಂದ ಶುರು, ಮೊದಲನೆಯದರಿಂದಲ್ಲ. ಲೇಬಲ್ಲು 72 ಗಂಟೆ ಎಂದರೆ ತಾರೀಖಿನ ಜೊತೆ ಬೆಳಗೋ ಸಂಜೆಯೋ ಎಂಬುದೂ ಬೇಕು. ಕಾಯಿಸಿದರೆ ಹೋಗುತ್ತೆ ಅನ್ನುವವರಿದ್ದಾರೆ. ಹೋಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರದೇ ಇರುವುದೂ ಉಂಟು.

ಆತ ಸೋಮಾರಿಯಲ್ಲ. ಕೊಟ್ಟಿಗೆ ಒಣಗಿದೆ, ಗೊಂತು ಚೊಕ್ಕಟ. ಹಾಲು ಹಾಕಿದ ಲೀಟರು ದಿನಾ ಬರೆಯುತ್ತಾರೆ. ಹಣ ಬರುವ ಲೆಕ್ಕಕ್ಕೆ ಪುಸ್ತಕವಿದೆ, ಔಷಧಿಯ ಲೆಕ್ಕ ಮಾತ್ರ ತಲೆಯಲ್ಲಿ. ಬಹುತೇಕರದ್ದು ಇದೇ ಹಾಡು.

ಬರೆಯಬೇಕಾದದ್ದು ಒಂದು ಸಾಲು: ಕಿವಿಯೋಲೆ ನಂಬರು, ರೋಗ, ಔಷಧಿ, ಪ್ರಮಾಣ, ಕೊನೆಯ ಡೋಸಿನ ತಾರೀಖು–ಗಂಟೆ, ಹಾಲು ಮತ್ತೆ ಯಾವಾಗಿನಿಂದ ಹಾಕಬಹುದು. ‘ಕೆಂಪು ಹಸು’ ಎಂದು ಬರೆದರೆ ಸಾಲದು, ಕೆಂಪಿನವು ಮೂರಿರುತ್ತವೆ. ಟ್ಯೂಬ್ ಹಾಕಿದ ಹಸುವಿನ ಹಿಂಗಾಲಿಗೆ ಬಣ್ಣದ ಪಟ್ಟಿ ಕಟ್ಟಿ. ಕರೆಯುವವರು ಬೇರೆಯಾದ ದಿನವೇ ಎಡವಟ್ಟಾಗುವುದು.

‘ಮೊನ್ನೆ’ಯ ರಗಳೆ ಕೆಚ್ಚಲಿಗೇ ನಿಲ್ಲುವುದಿಲ್ಲ. ಬೆದೆ 18ರಿಂದ 24 ದಿನಕ್ಕೊಮ್ಮೆ. ಇನ್ಸೆಮಿನೇಶನ್ (ಕೃತಕ ಗರ್ಭಧಾರಣೆ) ತಾರೀಖಿದ್ದರೆ, ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂತೇ ಎಂದು ಮೂರನೇ ವಾರ ಕಣ್ಣಿಡಬಹುದು, ಇಲ್ಲದಿದ್ದರೆ ಒಂದು ಬೆದೆ ಸುಮ್ಮನೆ ಕೈತಪ್ಪುತ್ತದೆ. ಗಬ್ಬ ಸುಮಾರು 280 ದಿನ, ಈಯುವ 60 ದಿನ ಮುಂಚೆ ಹಾಲು ಬತ್ತಿಸಬೇಕು. ಬತ್ತಿಸುವಾಗ ಏರಿಸುವ ಟ್ಯೂಬಿನ ಔಷಧಿ ವಾರಗಟ್ಟಲೆ ಉಳಿಯುತ್ತದೆ. ತಾರೀಖು ತಪ್ಪಿ ಹಸು ಬೇಗ ಈದರೆ ಅದರ ಅಂಶ ಹೊಸ ಹಾಲಿನಲ್ಲೇ.

ಲಸಿಕೆಯದ್ದು ಇನ್ನೂ ಸೂಕ್ಷ್ಮ. ಕಂದು ರೋಗದ (ಗಬ್ಬ ಹೋಗಿಸುವ ಬ್ರುಸೆಲ್ಲೋಸಿಸ್ ಸೋಂಕು) ಎಸ್19 ಲಸಿಕೆ 4ರಿಂದ 8 ತಿಂಗಳ ಹೆಣ್ಣುಗರುವಿಗೆ, ಜೀವಮಾನದಲ್ಲಿ ಒಮ್ಮೆ. ವಯಸ್ಸು ಮೀರಿ ಹಾಕಿದರೆ ಮುಂದೆ ರಕ್ತಪರೀಕ್ಷೆ ಪಾಸಿಟಿವ್ ಬರಬಹುದು, ಆಗ ರೋಗದ್ದೋ ಲಸಿಕೆಯದ್ದೋ ಎಂದು ಬಿಡಿಸುವುದು ಕಷ್ಟ. ಜೀವಂತ ರೋಗಾಣುವಿನ ಲಸಿಕೆ, ಹಾಕುವವರ ಕೈಗೆ ಗ್ಲೌಸ್ ಇರಲೇಬೇಕು. ಬ್ಯಾಚ್ ನಂಬರೂ ಪುಸ್ತಕಕ್ಕೆ ಹೋಗಲಿ.

ಆ ವಾರ ಮಳೆ ಎರಡು ದಿನ ಬಂದಿತ್ತು. ಎರಡನೇ ಮಳೆಯಿಂದ ಎಣಿಸಿ, ಲೇಬಲ್ಲಿನ ಗಡುವು ಮುಗಿಯುವವರೆಗಿನ ನಾಲ್ಕೂ ಮೊಲೆಗಳ ಹಾಲನ್ನು ಗುಂಡಿಗೆ ಚೆಲ್ಲಿಸಿದ್ದಾಯಿತು.