ಹತ್ತೊಂಬತ್ತು ಊರು ಏಳಾದ ಕಥೆ

ಎರಡು ತಿಂಗಳಿಂದ ನಮ್ಮನೇಲಿ ಊಟಕ್ಕೆ ಕೂತ್ರೂ ಒಂದೇ ಮಾತು. ಸೆಪ್ಟೆಂಬರಲ್ಲಿ ನಾನು, ಅಪ್ಪ, ಅಮ್ಮ ಮೂರೂ ಜನ 30 ದಿನ ಯುರೋಪ್‌ಗೆ ಹೋಗ್ತಿದೀವಿ, ಅಲ್ಲಿ ಓಡಾಡೋದೆಲ್ಲ ರೈಲಲ್ಲೇ. ತಮ್ಮ ಮ್ಯೂನಿಕ್‌ನಲ್ಲಿದಾನೆ, ಮೂರು ವರ್ಷದಿಂದ ಕರೀತಾನೇ ಇದ್ದ, ಈ ಸಲ ನಂಗೂ ರಜೆ ಕೂಡಿ ಬಂತು, ಅಮ್ಮನ ಮಂಡಿನೋವೂ ಫಿಸಿಯೋಥೆರಪಿ ಆದ್ಮೇಲೆ ಎಷ್ಟೋ ವಾಸಿ, ಈಗ ಹೋಗದಿದ್ರೆ ಇನ್ಯಾವಾಗ ಅಂತ ಹೊರಟ್ವಿ.

ಮೊದಲು ಮಾಡಿದ ಲಿಸ್ಟು ಹೀಗಿತ್ತು ನೋಡಿ. ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ಮ್ಯೂನಿಕ್, ಇಂಟರ್‌ಲಾಕನ್, ಜರ್ಮಾಟ್, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್, ನೀಸ್, ಬಾರ್ಸಿಲೋನಾ, ಮ್ಯಾಡ್ರಿಡ್, ಲಿಸ್ಬನ್. ಒಟ್ಟು 19. ಇದ್ರಲ್ಲಿ ನಾನು ಹಾಕಿದ್ದು ಅರ್ಧ, ತಮ್ಮ ಹಾಕಿದ್ದು ಇನ್ನರ್ಧ, ಮಧ್ಯ ಮಧ್ಯ ಅತ್ತಿಗೆ, ಆಫೀಸಿನವರು, ಹೋಗಿ ಬಂದೋರೆಲ್ಲ "ಅಷ್ಟು ದೂರ ಹೋಗಿ ಅದನ್ನ ನೋಡದೆ ಬರ್ತೀರಾ" ಅಂತ ಒಂದೊಂದು ಸೇರಿಸಿದ್ರು. ಮ್ಯಾಪ್ ಮೇಲೆ ನೋಡಿದ್ರೆ ಎಲ್ಲಾ ಪಕ್ಕಪಕ್ಕದಲ್ಲೇ ಇರೋ ಹಂಗೆ ಕಾಣತ್ತೆ, ಅದೇ ಮೋಸ.

ಆ ಶೀಟ್ ಪ್ರಿಂಟ್ ತೆಗೆದು ಅಪ್ಪಂಗೆ ಕೊಟ್ಟೆ. ಅಪ್ಪ ರೈಲ್ವೇಲಿ ಗಾರ್ಡ್ ಆಗಿದ್ದವರು, ಈಗ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತಾರಲ್ಲ, ಅದು. ಕನ್ನಡಕ ಹಾಕ್ಕೊಂಡು ಮೇಲಿಂದ ಕೆಳಗಿನ ತನಕ ನಿಧಾನಕ್ಕೆ ಓದಿ, "ಇದು ನಮ್ಮ ಡ್ಯೂಟಿ ಲಿಂಕ್ ಇದ್ದಂಗಿದೆ ಕಣಮ್ಮ, ರಾತ್ರಿ ರನ್ನಿಂಗ್ ರೂಮಲ್ಲಿ ಮಲಗು, ಬೆಳಗ್ಗೆ ಎದ್ದು ಸೈನ್ ಆನ್ ಮಾಡು, ಮತ್ತೆ ಹೊರಡು. ಇದನ್ನ ಮೂವತ್ತಾರು ವರ್ಷ ಮಾಡಿದೀನಿ ನಾನು" ಅಂದ್ರು. ಬೇರೇನೂ ಹೇಳ್ಲಿಲ್ಲ. ಆದ್ರೆ ಆ ಮಾತು ನಂಗೆ ರಾತ್ರಿಯೆಲ್ಲ ತಲೇಲಿ ಕೂತುಬಿಡ್ತು.

ಮಾರನೇ ದಿನ ಕೂತು ಲೆಕ್ಕ ಹಾಕ್ದೆ. 30 ದಿನ ಅಂದ್ರೆ 29 ರಾತ್ರಿ. 19 ಊರಿಗೆ ಹಂಚಿದ್ರೆ ಒಂದೂವರೆ ರಾತ್ರಿ. ಊರಿಂದ ಊರಿಗೆ 18 ಸಲ ಹೊರಡಬೇಕು. ಪ್ರತಿ ಸಲ ಬ್ಯಾಗ್ ಕಟ್ಟು, ಹನ್ನೊಂದು ಗಂಟೆಗೆ ರೂಂ ಖಾಲಿ ಮಾಡು, ಸ್ಟೇಷನ್‌ಗೆ ಹೋಗು, ಮೂರ್ನಾಲ್ಕು ಗಂಟೆ ರೈಲು, ಹೊಸ ಊರಲ್ಲಿ ರೂಂ ಹುಡುಕು, ಕೀ ತಗೋ. ಇಷ್ಟಕ್ಕೆ ಕಡಿಮೆ ಅಂದ್ರೂ ಅರ್ಧ ದಿನ ಹೋಗತ್ತೆ. 18 ಅರ್ಧ ಅಂದ್ರೆ 9 ಪೂರ್ತಿ ದಿನ. ಒಂದು ತಿಂಗಳಲ್ಲಿ ಒಂಬತ್ತು ದಿನ ಬರೀ ಬ್ಯಾಗ್ ಎಳೆಯೋದ್ರಲ್ಲಿ, ಅದೂ ಅಮ್ಮನ ಮಂಡಿ ಇಟ್ಕೊಂಡು. ಆವತ್ತಿಂದ ಶೀಟಲ್ಲಿ ಊರಿನ ಹೆಸರಿನ ಮುಂದೆ ಎಷ್ಟು ದಿನ ಅಂತ ಬರೆಯೋದು ಬಿಟ್ಟು ಎಷ್ಟು ರಾತ್ರಿ ಅಂತ ಬರೆಯೋಕೆ ಶುರು ಮಾಡ್ದೆ, ಯಾಕಂದ್ರೆ "ಎರಡು ದಿನ ಪ್ರಾಗ್" ಅಂತ ಬರೆದಾಗ ಕೈಗೆ ಸಿಗೋದು ಒಂದೇ ದಿನ.

ಲಂಡನ್ ಮೊದಲು ಹೋಯ್ತು. ಒಂದೇ ವೀಸಾದಲ್ಲಿ ಓಡಾಡೋ ದೇಶಗಳ ಗುಂಪು ಷೆಂಗೆನ್, ಬ್ರಿಟನ್ ಅದರಲ್ಲಿಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಫೀಸು, ಮೂರು ಜನಕ್ಕೆ. ಆಮೇಲೆ ಸ್ಪೇನ್, ಪೋರ್ಚುಗಲ್. ಬಾರ್ಸಿಲೋನಾದಿಂದ ಪ್ಯಾರಿಸ್‌ಗೆ ಫಾಸ್ಟ್ ಟ್ರೈನಲ್ಲೇ ಆರು ಮುಕ್ಕಾಲು ಗಂಟೆ ಹತ್ತಿರ, ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗಂತೂ ನೇರ ರೈಲೇ ಇಲ್ಲ, ಎರಡು ರಾಜಧಾನಿ ಮಧ್ಯ ರೈಲು ಬದಲಾಯಿಸ್ತಾ ಹೋಗಬೇಕು ಅಂದ್ರೆ ಅಪ್ಪ ನಂಬಲೇ ಇಲ್ಲ. ಅದೊಂದು ಮೂಲೆಗೆ ಬೇರೆಯದೇ ಟ್ರಿಪ್ ಬೇಕು. ನೀಸ್ ಅದರ ಜೊತೆಗೇ ಹೋಯ್ತು, ಬೇಜಾರೂ ಆಗ್ಲಿಲ್ಲ.

ಬೇಜಾರಾಗಿದ್ದು ಬರ್ಲಿನ್‌ಗೆ. ಕಾಲೇಜಲ್ಲಿ ಹಿಸ್ಟರಿ ಓದಿದವಳು ನಾನು, ಆ ಗೋಡೆಯ ಉಳಿದ ತುಂಡುಗಳ ಮುಂದೆ ನಿಲ್ಲಬೇಕು ಅಂತ ಇಪ್ಪತ್ತು ವರ್ಷದ ಆಸೆ. ಆದ್ರೆ ಆಮ್‌ಸ್ಟರ್‌ಡ್ಯಾಮ್‌ನಿಂದ ಬರ್ಲಿನ್ ಆರು ಗಂಟೆ, ಬರ್ಲಿನ್‌ನಿಂದ ಪ್ರಾಗ್ ನಾಲ್ಕು ಗಂಟೆ ಮೇಲೆ, ಪ್ರಾಗ್‌ನಿಂದ ವಿಯೆನ್ನಾ ಇನ್ನೊಂದು ನಾಲ್ಕು. ಬರ್ಲಿನ್ ಬೇಕು ಅಂದ್ರೆ ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್ ನಾಲ್ಕೂ ಬೇಕು, ಇಲ್ಲಾಂದ್ರೆ ನಾಲ್ಕೂ ಬೇಡ. ಎರಡು ದಿನ ಅದನ್ನ ಶೀಟಲ್ಲಿ ಹಂಗೇ ಇಟ್ಟಿದ್ದೆ, ಬಣ್ಣ ಮಾತ್ರ ಬದಲಾಯಿಸಿ. ಮೂರನೇ ದಿನ ನಾನೇ ಅಳಿಸಿದೆ. ಬುಡಾಪೆಸ್ಟ್ ವಿಯೆನ್ನಾದಿಂದ ಎರಡೂ ಮುಕ್ಕಾಲು ಗಂಟೆ ಅಷ್ಟೇ, ಹೋಗಿ ಬರಬಹುದಲ್ಲ ಅಂತ ತಮ್ಮ ಹೇಳ್ದ, ಹೋಗಿ ಬರೋಕೇ ಐದೂವರೆ ಗಂಟೆ ಆಯ್ತಲ್ಲೋ ಅಂದೆ.

ಇಷ್ಟಾದ್ರೂ ಇನ್ನೂ ಎಂಟೊಂಬತ್ತು ಊರು ಉಳಿದಿತ್ತು, ಯಾವುದನ್ನ ತೆಗೀಬೇಕು ಅಂತ ನಂಗೆ ತಿಳೀಲಿಲ್ಲ. ಆಗ ಅಮ್ಮನ್ನ ಅಪ್ಪನ್ನ ಕೇಳಿದೆ, ನಿಮಗೆ ಒಂದೇ ಒಂದು ನೋಡಬೇಕು ಅಂದ್ರೆ ಏನು ಅಂತ. ಅಷ್ಟು ದಿನ ಇದನ್ನ ಕೇಳೇ ಇರ್ಲಿಲ್ಲ ನಾನು, ಅದು ತಪ್ಪು. ಅಮ್ಮ ತಕ್ಷಣ ಹೇಳಿದ್ರು, ಹಿಮ, ಮತ್ತೆ ನೀರಲ್ಲಿರೋ ಆ ಊರು. ಅಪ್ಪ ಏನೂ ಹೇಳದೆ ಎದ್ದು ಹೋದ್ರು. ಮಾರನೇ ದಿನ ಬೆಳಗ್ಗೆ ಕಾಫಿ ಲೋಟದ ಪಕ್ಕ ಒಂದು ಹಾಳೆ ಇಟ್ಟಿದ್ರು, ಅದರಲ್ಲಿ ಎರಡೇ ರೈಲು ಲೈನಿನ ಹೆಸರು. ಸೆಮ್ಮರಿಂಗ್. ಬರ್ನೀನಾ.

ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅಪ್ಪನ ಸರ್ವೀಸಿನ ಬಹುಪಾಲು ಕಳೆದಿದ್ದು ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟ್ ಸೆಕ್ಷನ್‌ನಲ್ಲಿ. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ ಹತ್ತೋ ಏರು. ಎಡಕುಮೇರಿ ಸ್ಟೇಷನ್‌ನಲ್ಲಿ ಮಳೆಗಾಲದ ರಾತ್ರಿ ಗಾಡಿ ನಿಂತು, ಸುತ್ತ ಬರೀ ಕಾಡು ಮತ್ತು ನೀರಿನ ಸದ್ದು, ಬೆಳಗಿನ ತನಕ ಸಿಗ್ನಲ್ ಕಾಯ್ತಾ ಕೂತಿದ್ದನ್ನ ನಾವು ಚಿಕ್ಕವರಿದ್ದಾಗ ಎಷ್ಟು ಸಲ ಕೇಳಿದೀವೋ. ಅಪ್ಪ ಕೆಲಸಕ್ಕೆ ಸೇರಿದಾಗ ಅದು ಮೀಟರ್ ಗೇಜು, ಅಂದ್ರೆ ಎರಡು ಹಳಿ ಮಧ್ಯ ಒಂದೇ ಮೀಟರ್. 90ರ ದಶಕದಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ಲೈನ್ ಮುಚ್ಚಿದ್ರು, ಮತ್ತೆ ಪ್ಯಾಸೆಂಜರ್ ಗಾಡಿ ಓಡಿದ್ದು 2007ರ ಕೊನೇಲಿ. ಮೀಟರ್ ಗೇಜ್ ಹೋಗಿದ್ದಕ್ಕೆ ಅಪ್ಪಂಗೆ ಇವತ್ತಿಗೂ ಮನಸಲ್ಲಿ ಏನೋ ಇದೆ. ಹೊಸ ಲೈನು ಒಳ್ಳೇದೇ, ಜನಕ್ಕೆ ಬೇಕಿತ್ತು, ಆದ್ರೂ ಅದು ಬೇರೆಯೇ ಅಂತಾರೆ.

ಬರ್ನೀನಾ ಲೈನ್ ಮೀಟರ್ ಗೇಜು! ಸ್ವಿಟ್ಜರ್ಲೆಂಡ್‌ನ ಸೇಂಟ್ ಮೊರಿಟ್ಸ್‌ನಿಂದ ಇಟಲಿಯ ತಿರಾನೋಗೆ, 1910ರಲ್ಲಿ ಪೂರ್ತಿ ಆಯ್ತು, 2253 ಮೀಟರ್ ಎತ್ತರದ ತನಕ ಹತ್ತಿ ಆ ಕಡೆ 429 ಮೀಟರಿಗೆ ಇಳಿಯತ್ತೆ. ಏರು ಶೇಕಡಾ 7, ಅಂದ್ರೆ 14 ಮೀಟರಿಗೆ 1 ಮೀಟರ್. ಮಧ್ಯ ಹಲ್ಲಿನ ಹಳಿ ಇಲ್ಲ, ಬರೀ ಚಕ್ರ ಹಳಿಗೆ ಹಿಡಿಯೋ ಹಿಡಿತದಲ್ಲೇ. ಅಪ್ಪ ಇದನ್ನ ಹೇಳುವಾಗ ಎದ್ದು ನಿಂತು ಕೈಯಲ್ಲಿ ಏರು ತೋರಿಸಿದ್ರು. "ನಮ್ದು ಐವತ್ತಕ್ಕೆ ಒಂದು, ಕ್ಯಾಸಲ್‌ರಾಕ್ ಕಡೆ ಮೂವತ್ತೇಳಕ್ಕೆ ಒಂದು, ಅದಕ್ಕೇ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಎಂಜಿನ್ ಹಾಕ್ಕೊಂಡು ಒದ್ದಾಡ್ತಿದ್ವಿ. ಹದಿನಾಲ್ಕಕ್ಕೆ ಒಂದು ಅಂದ್ರೆ ಏನು ಗೊತ್ತಾ ನಿಂಗೆ?" ಗೊತ್ತಿರ್ಲಿಲ್ಲ. ಕೂರ್ ಅನ್ನೋ ಸ್ವಿಸ್ ಊರಿಂದ ತಿರಾನೋ ತನಕ 55 ಸುರಂಗ, ನಮ್ಮದು 57, ಈ ಲೆಕ್ಕವನ್ನೂ ಅಪ್ಪನೇ ಹೇಳಿದ್ದು. ಇಷ್ಟು ವರ್ಷ ಇದನ್ನೆಲ್ಲ ಮನಸಲ್ಲಿಟ್ಕೊಂಡಿದ್ದವರು ನನ್ನ 19 ಊರಿನ ಲಿಸ್ಟ್ ನೋಡಿದಾಗಲೂ ಇದರ ಬಗ್ಗೆ ಒಂದು ಮಾತೂ ಆಡಿರ್ಲಿಲ್ಲವಲ್ಲ ಅಂತ ನಂಗೆ ಕಣ್ಣಲ್ಲಿ ನೀರು ಬಂತು.

ಸೆಮ್ಮರಿಂಗ್ ವಿಯೆನ್ನಾದ ದಕ್ಷಿಣಕ್ಕೆ. 1848ರಿಂದ 1854ರ ಒಳಗೆ ಕಟ್ಟಿದ್ದು, ಎಂಜಿನಿಯರ್ ಕಾರ್ಲ್ ಫಾನ್ ಗೇಗಾ, 41 ಕಿಲೋಮೀಟರ್. ಹಳಿ ಹಾಕೋಕೆ ಶುರು ಮಾಡಿದಾಗ ಆ ಏರು ಹತ್ತೋ ಎಂಜಿನ್ನೇ ಇರ್ಲಿಲ್ಲವಂತೆ, ಕೆಲಸ ನಡೀತಿರುವಾಗಲೇ 1851ರಲ್ಲಿ ಎಂಜಿನ್‌ಗಳಿಗೆ ಸ್ಪರ್ಧೆ ಇಟ್ರು. ಎಂಜಿನ್ ಬಂದೇ ಬರತ್ತೆ ಅಂತ ನಂಬಿ ಬೆಟ್ಟ ಕೊರೆದವರು. ಎರಡಂತಸ್ತಿನ ಕಲ್ಲಿನ ಸೇತುವೆಗಳಿವೆ, ಅದರಲ್ಲೊಂದು ಆಸ್ಟ್ರಿಯಾದ ಹಳೇ 20 ಶಿಲ್ಲಿಂಗ್ ನೋಟಿನ ಮೇಲೆ ಇತ್ತು, ಆ ನೋಟಿನ ಚಿತ್ರ ಹೆಂಗೆ ಕಾಣ್ತಿತ್ತೋ ಅದೇ ಜಾಗಕ್ಕೆ ನಡೆದುಕೊಂಡು ಹೋಗೋ ದಾರಿಯೂ ಇದೆ.

ಆ ಹಾಳೆ ಬಂದ್ಮೇಲೆ ಶೀಟ್ ತಾನಾಗೇ ಸರಿಹೋಯ್ತು. ವಿಯೆನ್ನಾ ಗಟ್ಟಿ. ಅಲ್ಲಿಂದ ಕೂರ್‌ಗೆ ಆರ್ಲ್‌ಬರ್ಗ್ ಬೆಟ್ಟ ದಾಟಿಕೊಂಡು ಹಗಲಲ್ಲೇ ಎಂಟು ಗಂಟೆ ರೈಲು, ರಾತ್ರಿ ರೈಲು ಹಿಡಿದ್ರೆ ಒಂದು ಹೋಟೆಲ್ ಉಳಿಯತ್ತೆ ಅಂತ ತಮ್ಮ ಅಂದ, ಆದ್ರೆ ಬೆಟ್ಟ ನೋಡೋಕೆ ಹೋಗಿ ಕತ್ತಲಲ್ಲಿ ಮಲಗಿ ದಾಟೋದು ಯಾಕೆ. ಎಂಟು ಗಂಟೆ ಅಂದ್ರೆ ಬೆಂಗಳೂರಿಂದ ಹುಬ್ಬಳ್ಳಿಗೆ ಹೋದಂಗೆ, ಬುತ್ತಿ ಕಟ್ಕೊಂಡು ಕಿಟಕಿ ಪಕ್ಕ ಕೂರೋದು.

ತಮ್ಮನ ಜೊತೆ ನಿಜವಾಗಿ ಜಗಳ ಆಗಿದ್ದು ಇಂಟರ್‌ಲಾಕನ್ ಕಡೆಯ ಯುಂಗ್‌ಫ್ರಾವ್ ಬೆಟ್ಟದ ವಿಷಯಕ್ಕೆ. ಸ್ವಿಟ್ಜರ್ಲೆಂಡ್‌ಗೆ ಹೋಗಿ 3454 ಮೀಟರ್ ಎತ್ತರದ ಸ್ಟೇಷನ್ ನೋಡದೆ ಬರ್ತೀರಾ ಅಕ್ಕ, ಅಮ್ಮಂಗೆ ಹಿಮ ಬೇಕಂತಲ್ಲ ಅಂತ. ಅವನು ಹೇಳೋದ್ರಲ್ಲೂ ನ್ಯಾಯ ಇದೆ. ಆದ್ರೆ ಯುರೋಪಿನ ಹಲವು ದೇಶದ ರೈಲಿಗೆ ಆಗೋ ಯುರೇಲ್ ಪಾಸ್ ಅಲ್ಲಿ ನಡೆಯೋದು ಗ್ರಿಂಡೆಲ್‌ವಾಲ್ಡ್ ಇಲ್ಲಾ ವೆಂಗನ್ ತನಕ ಮಾತ್ರ, ಅಲ್ಲಿಂದ ಮೇಲೆ ಶೇಕಡಾ 25 ರಿಯಾಯಿತಿ ಅಷ್ಟೇ, ಉಳಿದಿದ್ದು ಕೈಯಿಂದ, ಮೋಡ ಮುಚ್ಚಿದ್ರೆ ಅದೂ ಹೋಯ್ತು. ಬರ್ನೀನಾ ಪೂರ್ತಿ ಪಾಸ್‌ನಲ್ಲೇ ಆಗತ್ತೆ, ಮತ್ತೆ ದಾರೀಲಿ 2091 ಮೀಟರ್ ಎತ್ತರದಲ್ಲಿ ಆಲ್ಪ್ ಗ್ರ್ಯೂಮ್ ಅಂತ ಒಂದು ಸ್ಟೇಷನ್, ಅದರ ಎದುರಿಗೇ ಪಾಲ್ಯೂ ಹಿಮನದಿ. ಅಮ್ಮಂಗೆ ಫೋಟೋ ತೋರಿಸಿದೆ. "ನಂಗೆ ಮುಟ್ಟಲೇಬೇಕು ಅಂತೇನಿಲ್ಲ ಕಣೇ, ಕೂತ್ಕೊಂಡು ನೋಡೋ ಹಂಗಿದ್ರೆ ಸಾಕು" ಅಂದ್ರು. ಇಂಟರ್‌ಲಾಕನ್, ಜರ್ಮಾಟ್ ಎರಡೂ ಹೋಯ್ತು.

ಈಗ ನಿಂತಿರೋದು ಇದು. ಪ್ಯಾರಿಸ್ 4 ರಾತ್ರಿ, ತಮ್ಮನ ಮನೇಲಿ 5, ವಿಯೆನ್ನಾ 4, ಕೂರ್ 4, ಕೋಮೋ ಸರೋವರದ ದಡದ ವರೆನ್ನಾ 3, ವೆನಿಸ್ 3, ರೋಮ್ 6. ವರೆನ್ನಾ ಮೊದಲು ಲಿಸ್ಟಲ್ಲೇ ಇರ್ಲಿಲ್ಲ, ತಿರಾನೋದಿಂದ ಮಿಲಾನ್‌ಗೆ ಹೋಗೋ ಲೈನಲ್ಲೇ ಸಿಗತ್ತೆ, ಸುಮ್ನೆ ಕೂರೋಕೆ ಒಂದು ಊರು ಬೇಕು ಅಂತ ಇಟ್ಕೊಂಡ್ವಿ. ಫ್ಲಾರೆನ್ಸ್ ರೋಮ್‌ನಿಂದ ಒಂದೂವರೆ ಗಂಟೆ, ಬೆಳಗ್ಗೆ ಹೋಗಿ ಸಂಜೆ ಬರೋದು, ನೇಪಲ್ಸ್ ಬೇಡ. ಸಾಲ್ಜ್‌ಬರ್ಗ್ ಕೂಡ ಹಂಗೇ, ಮ್ಯೂನಿಕ್‌ನಿಂದ ಒಂದು ಹಗಲು. ವಿಮಾನದ ಟಿಕೆಟ್ ಪ್ಯಾರಿಸ್‌ಗೆ ಹೋಗೋದು, ರೋಮ್‌ನಿಂದ ವಾಪಸ್ ಬರೋದು, ಯಾಕಂದ್ರೆ ಹೋದ ಊರಿಂದಲೇ ವಾಪಸ್ ಬರ್ತೀನಿ ಅಂದ್ರೆ ಕೊನೇಲಿ ಒಂದು ದಿನ ಸುಮ್ನೆ ಹಿಂದಕ್ಕೆ ಓಡಬೇಕು.

ಪಾಸ್ ವಿಷಯ ಕೇಳಿ, ಇದು ಬೇರೆಯವರಿಗೂ ಉಪಯೋಗಕ್ಕೆ ಬರತ್ತೆ. ಮೊದಲು ಒಂದು ತಿಂಗಳು ದಿನಾ ಓಡಾಡೋ ಪಾಸ್ ತಗೋಬೇಕು ಅಂತಿದ್ದೆ. ಊರು ಕಡಿಮೆ ಆದ್ಮೇಲೆ ಎಣಿಸಿದ್ರೆ ದೊಡ್ಡ ಪ್ರಯಾಣ ಅಂತ ಇರೋದೇ ಐದು ದಿನ: ಪ್ಯಾರಿಸ್‌ನಿಂದ ಮ್ಯೂನಿಕ್, ಅಲ್ಲಿಂದ ವಿಯೆನ್ನಾ, ವಿಯೆನ್ನಾದಿಂದ ಕೂರ್, ಕೂರ್‌ನಿಂದ ಲಾಂಡ್‌ವಾಸರ್ ರೈಲು ಸೇತುವೆ ನೋಡೋಕೆ ಒಂದು ದಿನ, ಆಮೇಲೆ ಬರ್ನೀನಾ ಇಳಿದು ವರೆನ್ನಾ. ಒಂದು ತಿಂಗಳೊಳಗೆ ಯಾವುದಾದ್ರೂ 5 ದಿನ ಬಳಸೋ ಪಾಸೇ ಸಾಕು, 60 ದಾಟಿದವರಿಗೆ ಶೇಕಡಾ 10 ಕಡಿಮೆ ಬೇರೆ. ಇಟಲಿ ಒಳಗಿನ ಫಾಸ್ಟ್ ಟ್ರೈನ್‌ಗೆ ಪಾಸ್ ಇದ್ರೂ ಸೀಟ್ ರಿಸರ್ವೇಷನ್‌ಗೆ ಬೇರೆ ದುಡ್ಡು ಕೊಡಲೇಬೇಕು, ಅದರ ಬದಲು ಪಾಸ್ ಬಳಸದೆ ಮುಂಚೆನೇ ಬೇರೆ ಟಿಕೆಟ್ ತಗೊಳೋದೇ ವಾಸಿ. ಫ್ರಾನ್ಸಿನ ಫಾಸ್ಟ್ ಟ್ರೈನ್ ಟಿಜಿವಿಗೂ ರಿಸರ್ವೇಷನ್ ಕಡ್ಡಾಯ, ಪಾಸ್‌ನವರಿಗೆ ಸೀಟೂ ಕಮ್ಮಿ, ಅದೊಂದನ್ನ ಮಾತ್ರ ಬೇಗ ಮಾಡಬೇಕು. ಬರ್ನೀನಾದಲ್ಲಿ ದೊಡ್ಡ ಗಾಜಿನ ಕಿಟಕಿಯ ಎಕ್ಸ್‌ಪ್ರೆಸ್‌ಗೆ ರಿಸರ್ವೇಷನ್ ಬೇಕು, ಅದೇ ಹಳಿ ಮೇಲೆ ಓಡೋ ಮಾಮೂಲಿ ಗಾಡಿಗೆ ಬೇಡ. ಅಪ್ಪಂಗೆ ಮಾಮೂಲಿ ಗಾಡಿನೇ ಬೇಕು, ಅದರಲ್ಲಿ ಕೆಲವು ಡಬ್ಬಿಗಳ ಕಿಟಕಿ ತೆಗೆಯೋಕಾಗತ್ತೆ.

ವೀಸಾಗೂ ಈ ಲೆಕ್ಕನೇ. ಜಾಸ್ತಿ ರಾತ್ರಿ ಇರೋ ದೇಶದ ಹತ್ರ ಅರ್ಜಿ ಹಾಕಬೇಕು, ನಮ್ಮದು ಇಟಲಿ 12 ರಾತ್ರಿ, ಇಳಿಯೋದು ಪ್ಯಾರಿಸ್‌ನಲ್ಲಾದ್ರೂ. ನಾನು ಶೀಟ್ ಬದಲಾಯಿಸಿದಾಗೆಲ್ಲ ಆ ದೇಶವೇ ಬದಲಾಗ್ತಿತ್ತು, ಅದಕ್ಕೇ ಊರು ನಿಲ್ಲೋ ತನಕ ಅಪಾಯಿಂಟ್‌ಮೆಂಟ್ ತಗೊಳ್ಳಬೇಡಿ.

ಇನ್ನೊಂದು ನೆಮ್ಮದಿ, ಎಲ್ಲಾ ಕಡೆ ಮೂರು ರಾತ್ರಿಗೆ ಕಡಿಮೆ ಇಲ್ಲದ್ದರಿಂದ ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ಹಿಡಿದಿದೀವಿ. ಅನ್ನ ಸಾರು ಮಾಡ್ಕೋಬಹುದು, ಬಟ್ಟೆ ಒಗೀಬಹುದು, ಒಬ್ಬರಿಗೊಂದೇ ಚಿಕ್ಕ ಬ್ಯಾಗ್ ಸಾಕು. ಅಮ್ಮ ಚಟ್ನಿಪುಡಿ, ಅವಲಕ್ಕಿ, ಸಾರಿನ ಪುಡಿ ಪಟ್ಟಿ ಮಾಡಿದಾರೆ. ತುಪ್ಪ ಮಾತ್ರ ಬೇಡ ಅಂದೆ, ಹಾಲಿನ ಪದಾರ್ಥ ಹೊರಗಿಂದ ಒಯ್ಯೋ ಹಾಗಿಲ್ಲ, ತಮ್ಮನ ಮನೇಲಿ ಬೆಣ್ಣೆ ಕಾಯಿಸ್ಕೊಳ್ಳೋಣ ಅಂತ.

ನಿನ್ನೆ ರಾತ್ರಿ ಅಪ್ಪ ಮತ್ತೆ ಶೀಟ್ ತರಿಸ್ಕೊಂಡ್ರು. ಆಲ್ಪ್ ಗ್ರ್ಯೂಮ್ ಮೇಲೆ ಬೆರಳಿಟ್ಟು, "ಇಲ್ಲಿ ಇಳಿದ್ರೆ ಮುಂದಿನ ಗಾಡಿ ಯಾವಾಗ?" ಅಂದ್ರು. ಸುಮಾರು ಗಂಟೆಗೊಂದು ಇದೆ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರೆ ಎರಡು ಗಾಡಿ ಬಿಡೋಣ" ಅಂದ್ರು. ಒಳಗಿಂದ ಅಮ್ಮ, "ಮೂರು ಬಿಡಿ" ಅಂದ್ರು. ಕೂರ್‌ನಿಂದ ಹೊರಡೋ ಟೈಮ್ ಬೆಳಗ್ಗೆ ಏಳಕ್ಕೆ ಬದಲಾಯಿಸಿದೀನಿ.