ಬ್ಯಾಡಗಿಯ ಸುಗ್ಗಿ, ಎಂಟನೇ ತಿಂಗಳು ಮತ್ತು ಬರೆದು ಕೊಟ್ಟ ಒಂದು ಅರ್ಜಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸುಗ್ಗಿ ಶುರುವಾದರೆ ಯಾರಿಗೂ ಬಿಡುವಿರುವುದಿಲ್ಲ. ಸೋಮವಾರ ಮತ್ತು ಗುರುವಾರ ಬಂತೆಂದರೆ ನಮ್ಮ ಜಿಲ್ಲೆಯ ಮಾಲಷ್ಟೇ ಅಲ್ಲ, ಬಳ್ಳಾರಿ, ರಾಯಚೂರು ಕಡೆಯ ಚೀಲಗಳೂ ಅಂಗಳ ತುಂಬುತ್ತವೆ. ಟೆಂಡರ್ ಮುಗಿದು ದರ ಗೊತ್ತಾದ ಮೇಲೆ ತೂಕ, ತೂಕವಾದ ಮೇಲೆ ಪಟ್ಟಿ (ರೈತರಿಗೆ ಸಲ್ಲಬೇಕಾದ ಹಣದ ಲೆಕ್ಕದ ಚೀಟಿ), ಪಟ್ಟಿಯಾದ ಮೇಲೆ ರೈತರ ಕೈಗೆ ಹಣ ಎಂಬ ಸರಪಳಿಯಲ್ಲಿ ಯಾವ ಕೊಂಡಿಯೂ ಮರುದಿನಕ್ಕೆ ಉಳಿಯುವಂತಿಲ್ಲ. ಇಂತಹ ಒಂದು ಖಾಸಗಿ ವ್ಯಾಪಾರಿ ಸಂಸ್ಥೆಯಲ್ಲಿ ನಾನು ಲೆಕ್ಕಪತ್ರದ ಕೆಲಸ ಮಾಡುತ್ತೇನೆ. 2023ರ ಸುಗ್ಗಿಯಲ್ಲಿ ನನಗೆ ಏಳು ತುಂಬಿ ಎಂಟರಲ್ಲಿತ್ತು, ಹೆರಿಗೆಯ ದಿನಾಂಕ ಮಾರ್ಚ್ ಕೊನೆಯ ವಾರಕ್ಕಿತ್ತು. ಬಸುರಿಯಾಗಿ ಸಿಡುಕು ಸ್ವಭಾವದ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ ಎಂದು ಆ ತಿಂಗಳುಗಳ ಅನುಭವವನ್ನು ಬರೆಯುತ್ತಿದ್ದೇನೆ.

ಮೆಣಸಿನಕಾಯಿಯ ಘಾಟಿಗೆ ನಾವು ಒಗ್ಗಿಕೊಂಡವರು. ಆದರೆ ಹೊಟ್ಟೆ ಮುಂದೆ ಬಂದ ಮೇಲೆ ಕೆಮ್ಮು ಬೇರೆಯೇ ಆಗುತ್ತದೆ. ತೂಕದ ಯಂತ್ರದ ಮೇಲೆ ಚೀಲ ಕುಕ್ಕಿದೊಡನೆ ಏಳುವ ಕೆಂಪು ದೂಳಿಗೆ ಒಮ್ಮೆ ಕೆಮ್ಮು ಹತ್ತಿದರೆ ಪಕ್ಕೆಗಳು ಹಿಡಿದುಕೊಳ್ಳುತ್ತಿದ್ದವು, ಮೂತ್ರ ತಡೆಯುವುದು ಕಷ್ಟವಾಗುತ್ತಿತ್ತು, ಒಂದು ಕೈಯಲ್ಲಿ ಹೊಟ್ಟೆಯನ್ನು ಆನಿಸಿ ಹಿಡಿದು ಇನ್ನೊಂದು ಕೈಯಲ್ಲಿ ಲಾಟ್ ನಂಬರ್ ಬರೆದುಕೊಳ್ಳಬೇಕಾಗುತ್ತಿತ್ತು. ತೂಕದ ಬಳಿ ನಿಲ್ಲುವ ಕೆಲಸ ಮೊದಲು ನನ್ನದಾಗಿರಲಿಲ್ಲ. ಒಬ್ಬ ಗುಮಾಸ್ತರು ಕೆಲಸ ಬಿಟ್ಟಿದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಸಂಜೆಯ ಹೊತ್ತಿಗೆ ಪಾದಗಳು ಚಪ್ಪಲಿಯ ಪಟ್ಟಿಯ ಗುರುತು ಮೂಡುವಷ್ಟು ಊದಿರುತ್ತಿದ್ದವು. ಆ ಮೇಲೆ ಪಟ್ಟಿಗಳ ಕೆಲಸ ರಾತ್ರಿ ಒಂಬತ್ತರವರೆಗೂ ಸಾಗುತ್ತಿತ್ತು.

ನಮ್ಮ ಮ್ಯಾನೇಜರ್ ಎಲ್ಲರೆದುರು ದನಿ ಏರಿಸಿ ಮಾತನಾಡುವವರು. ಕುಳಿತುಕೊಳ್ಳಲು ಕುರ್ಚಿ ಕೇಳಿದ್ದಕ್ಕೆ, “ನಮ್ಮವ್ವ ಹೊಲದಾಗ ಕಳೆ ತಕ್ಕೊಂತ ತಕ್ಕೊಂತನ ಹಡದಾಳ, ಬಸಿರೇನು ಬ್ಯಾನಿ ಅಲ್ಲ” ಎಂದರು. ರಾತ್ರಿ ಹತ್ತರ ನಂತರ ಫೋನ್ ಮಾಡಿ ಇಂತಹ ಲಾಟಿನ ಪಟ್ಟಿ ಆಯಿತೇ ಎಂದು ಕೇಳುತ್ತಿದ್ದರು. ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಜನವರಿ 9 ಸೋಮವಾರ ಬಿದ್ದಿತ್ತು. ಮಾರುಕಟ್ಟೆಯ ದಿನ ರಜೆಯ ಮಾತೇ ಇಲ್ಲ ಎಂದುಬಿಟ್ಟರು. ಮರುದಿನ ಹೋದಾಗ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ 136/88 ಎಂದು ಬರೆದರು, ಅದಕ್ಕಿಂತ ಹಿಂದಿನ ಸಾಲಿನಲ್ಲಿ 114/72 ಇತ್ತು.

ವೈದ್ಯರು ಮಾತನಾಡಿದ ರೀತಿ ನನಗೆ ಬಹಳ ಉಪಕಾರವಾಯಿತು. ಬೈಗುಳ ಕೇಳಿದರೆ ಮಗುವಿಗೆ ಹಾಗಾಗುತ್ತದೆ, ಹೀಗಾಗುತ್ತದೆ ಎಂದು ಅವರು ಹೆದರಿಸಲಿಲ್ಲ. ನನ್ನ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದುದೇ ಅದನ್ನು. ಇಪ್ಪತ್ತು ವಾರಗಳ ನಂತರ ಒತ್ತಡ 140/90 ಮುಟ್ಟಿದರೆ ಅದನ್ನು ಗಂಭೀರವಾಗಿ ನೋಡಬೇಕಾಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಅಳೆಸಿಕೊಳ್ಳಬೇಕು, ಗಂಟೆಗಟ್ಟಲೆ ನಿಲ್ಲಬಾರದು, ಮಗ್ಗುಲಾಗಿ ಮಲಗಿ ಸಾಕಷ್ಟು ನಿದ್ರೆ ಮಾಡಬೇಕು ಎಂದರು. ಕಡಿಮೆಯಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮಗುವಿನ ಚಲನೆ ಕಡಿಮೆಯಾಗುವುದು, ರಕ್ತ ಅಥವಾ ನೀರು ಹೋಗುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಯಾರ ಅನುಮತಿಗೂ ಕಾಯದೆ ಆಸ್ಪತ್ರೆಗೆ ಬರಬೇಕು, ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬೇಕು ಎಂದು ಒತ್ತಿ ಹೇಳಿದರು. ಈ ಮಾತಿನಿಂದ ನನ್ನ ಭಯ ಎರಡು ಭಾಗವಾಯಿತು. ಒಂದು ಭಾಗ ಆಸ್ಪತ್ರೆಗೆ ಸೇರಿದ್ದು, ಅದಕ್ಕೆ ಲಕ್ಷಣಗಳಿವೆ, ಅಳತೆಯಿದೆ. ಇನ್ನೊಂದು ಭಾಗ ಕಚೇರಿಗೆ ಸೇರಿದ್ದು, ಅದನ್ನು ಕಚೇರಿಯಲ್ಲೇ ಬಗೆಹರಿಸಬೇಕು. ಅಲ್ಲಿಯವರೆಗೆ ಎರಡೂ ಕಲಸಿಕೊಂಡು ರಾತ್ರಿಯೆಲ್ಲ ಎದೆಯ ಮೇಲೆ ಕುಳಿತಿರುತ್ತಿದ್ದವು.

ಕಚೇರಿಯ ಭಾಗಕ್ಕೆ ದಾರಿ ತೋರಿಸಿದ್ದು ಹಾವೇರಿಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದಾಗ ಸಿಕ್ಕ ಮಾಹಿತಿ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗಳಿಗೂ ಅನ್ವಯಿಸುತ್ತಿತ್ತು (2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ನಾನಿಲ್ಲಿ ಹೇಳುವ ಸೌಲಭ್ಯಗಳು ಅದರಲ್ಲೂ ಮುಂದುವರಿದಿವೆ, ಕಲಂಗಳ ಸಂಖ್ಯೆ ಮಾತ್ರ ಹಳೆಯ ಕಾಯ್ದೆಯದು). 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯಿದೆ, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆ ಪಡೆಯಬಹುದು. ರಜೆಯ ವಿಷಯ ಅನೇಕರಿಗೆ ಗೊತ್ತು. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ್ದು ಅದೇ ಕಾಯ್ದೆಯ 4ನೇ ಕಲಂ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ ಆರು ವಾರಗಳು ಆರಂಭವಾಗುವುದಕ್ಕಿಂತ ಮೊದಲಿನ ಒಂದು ತಿಂಗಳಲ್ಲಿ, ಮತ್ತು ಆ ಆರು ವಾರಗಳಲ್ಲಿ ಆಕೆ ರಜೆ ಪಡೆಯದೆ ಕೆಲಸಕ್ಕೆ ಬರುವ ದಿನಗಳಲ್ಲಿಯೂ, ಆಕೆ ಕೇಳಿಕೊಂಡರೆ ಶ್ರಮದ ಕೆಲಸವನ್ನಾಗಲಿ ದೀರ್ಘಕಾಲ ನಿಲ್ಲಬೇಕಾದ ಕೆಲಸವನ್ನಾಗಲಿ ಆಕೆಯಿಂದ ಮಾಡಿಸುವಂತಿಲ್ಲ. ನನ್ನ ಲೆಕ್ಕದಲ್ಲಿ ಆ ತಿಂಗಳು ಜನವರಿ ಮೂರನೇ ವಾರಕ್ಕೆ ಶುರುವಾಗುತ್ತಿತ್ತು. ಕೇಳದಿದ್ದರೆ ಈ ರಕ್ಷಣೆಯಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು, ಅವರೇ ತಿಳಿದುಕೊಂಡು ಹಗುರ ಕೆಲಸ ಕೊಡಲಿ ಎಂದು ಕಾಯುವುದನ್ನು ನಾನು ಬಹಳ ನೋಡಿದ್ದೇನೆ. ಅದರಿಂದ ಏನೂ ಆಗುವುದಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಅರ್ಜಿಯನ್ನು ಕನ್ನಡದಲ್ಲೇ, ಒಂದೇ ಪುಟದಲ್ಲಿ ಬರೆದೆ. ಮ್ಯಾನೇಜರ್ ಆಡಿದ ಮಾತುಗಳ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹೆರಿಗೆಯ ನಿರೀಕ್ಷಿತ ದಿನಾಂಕ, ವೈದ್ಯರ ಚೀಟಿಯ ಪ್ರತಿ, ತೂಕದ ಬದಲು ಕುಳಿತು ಮಾಡುವ ಪಟ್ಟಿಯ ಕೆಲಸ, ಮಾರುಕಟ್ಟೆಯ ದಿನಗಳಲ್ಲಿ ಸಂಜೆ ಏಳಕ್ಕೆ ಹೊರಡಲು ಅನುಮತಿ, ಗುರುವಾರ ಬೀಳಲಿದ್ದ ಫೆಬ್ರವರಿ 9ರ ತಪಾಸಣೆಗೆ ರಜೆ, ಫೆಬ್ರವರಿ ಮೂರನೇ ವಾರದಿಂದ ಹೆರಿಗೆ ರಜೆ, ಇಷ್ಟೇ. ರಜೆಯನ್ನು ಇನ್ನೂ ಮೊದಲೇ ಪಡೆಯಬಹುದಿತ್ತು. ಕೂಸಿನ ಜೊತೆ ಹೆಚ್ಚು ವಾರ ಸಿಗಲಿ ಎಂದು ನಾನೇ ಮುಂದಕ್ಕೆ ಹಾಕಿಕೊಂಡೆ. ರಕ್ತದೊತ್ತಡ ಏರಿದ್ದರೆ ಆ ಆಸೆ ಬಿಡಬೇಕಾಗುತ್ತಿತ್ತು. ಮ್ಯಾನೇಜರ್ ಅರ್ಜಿ ಓದಿ, ಸಹಿ ಮಾಡದೆ, “ಆಗದಿದ್ರ ಬಿಟ್ಟು ಹೋಗ್ರಿ” ಎಂದರು. ನಾನು ಉತ್ತರ ಕೊಡದೆ ಅದೇ ಪುಟವನ್ನು ಮಾಲೀಕರಿಗೂ ಅವರಿಗೂ ಇಮೇಲ್ ಮಾಡಿದೆ. ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದಾಗಲಿ ಆಕೆಗೆ ನಷ್ಟವಾಗುವಂತೆ ಕೆಲಸದ ಷರತ್ತುಗಳನ್ನು ಬದಲಿಸುವುದಾಗಲಿ 12ನೇ ಕಲಮಿನ ಪ್ರಕಾರ ಕಾನೂನುಬಾಹಿರ ಎಂಬುದು ಗೊತ್ತಿದ್ದುದರಿಂದ ಆ ಮಾತಿಗೆ ನನ್ನ ಕೈಕಾಲು ನಡುಗಲಿಲ್ಲ.

ಮಾಲೀಕರು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: ನೀವು ಹೋದರೆ ಪಟ್ಟಿ ಮಾಡುವವರು ಯಾರು? ಮ್ಯಾನೇಜರ್ ಅವರ ಸಿಟ್ಟಿನ ಬೇರು ಆಗ ನನಗೆ ಕಂಡಿತು. ಹಣಕ್ಕೆ ಕಾದು ಅಂಗಳದಲ್ಲಿ ಕುಳಿತ ರೈತರಿಗೂ ಫೋನಿನಲ್ಲಿರುವ ಮಾಲೀಕರಿಗೂ ಉತ್ತರ ಕೊಡಬೇಕಾದವರು ಅವರೇ ಆಗಿದ್ದರು. ಇದು ಅವರ ಮಾತುಗಳಿಗೆ ಸಮರ್ಥನೆಯಲ್ಲ, ಆದರೆ ಇದನ್ನು ತಿಳಿದುಕೊಂಡರೆ ದಾರಿ ಸಿಗುತ್ತದೆ. ಡಬ್ಬಿ, ಕಡ್ಡಿ ಎಂಬ ಬೇರೆ ಬೇರೆ ತಳಿಯ ಮೆಣಸಿನಕಾಯಿಯ ಲಾಟುಗಳನ್ನು ಹೇಗೆ ಬೇರೆ ಬೇರೆ ಬರೆಯುವುದು, ಹಮಾಲಿ, ತೂಕದ ಖರ್ಚು ಪಟ್ಟಿಯ ಯಾವ ಕಾಲಮಿನಲ್ಲಿ ಹಾಕುವುದು, ಯಾವ ಖರೀದಿದಾರರ ಚೀಟಿ ತಡವಾಗಿ ಬರುತ್ತದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ತೂಕದಲ್ಲಿದ್ದ ಒಬ್ಬ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಯಿಂದಲೇ ಪಟ್ಟಿ ಮಾಡಿಸತೊಡಗಿದೆ. ಹೊರಡುವ ಮುನ್ನ ಎಷ್ಟು ಪಟ್ಟಿ ಆಗಿದೆ, ಯಾವುದು ಬಾಕಿ, ಏಕೆ ಬಾಕಿ ಎಂದು ಮ್ಯಾನೇಜರ್ ಅವರಿಗೆ ವಾಟ್ಸ್ಆ್ಯಪ್ ಸಂದೇಶ ಕಳಿಸುತ್ತಿದ್ದೆ. ರಾತ್ರಿಯ ಫೋನ್ ಬಹುಮಟ್ಟಿಗೆ ನಿಂತಿತು. ಬಂದಾಗಲೂ ನಾನು ಎತ್ತದೆ ಸಂದೇಶದಲ್ಲೇ ಉತ್ತರಿಸುತ್ತಿದ್ದೆ, ಏಕೆಂದರೆ ಬರವಣಿಗೆಯಲ್ಲಿ ಅವರು ಎಂದೂ ಕೂಗಾಡಲಿಲ್ಲ.

ಅವರ ಸ್ವಭಾವ ಬದಲಾಗಲಿಲ್ಲ, ಇಂದಿಗೂ ಬದಲಾಗಿಲ್ಲ. ಬದಲಾಗಿದ್ದು ನನ್ನ ಕುರ್ಚಿ, ಹೊರಡುವ ಹೊತ್ತು ಮತ್ತು ನಿದ್ದೆ. ಫೆಬ್ರವರಿ 9ರಂದು ಒತ್ತಡ 124/78ಕ್ಕೆ ಇಳಿದಿತ್ತು. ಅದು ಕುಳಿತು ಕೆಲಸ ಮಾಡಿದ್ದರಿಂದಲೇ ಇಳಿಯಿತು ಎಂದು ನಾನು ವಾದಿಸುವುದಿಲ್ಲ, ಆದರೆ ಆ ಸಾಲನ್ನು ನೋಡಿ ತಾಯಿ ಕಾರ್ಡನ್ನು ಎದೆಗೊತ್ತಿಕೊಂಡದ್ದು ನಿಜ. ಅಳು ತಡೆಯಲಾಗದ ದಿನಗಳೂ ಇದ್ದವು. ಅಂತಹ ದಿನಗಳಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತನಾಡಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ ಧಾರವಾಡದ ಡಿಮ್ಹಾನ್ಸ್‌ನಂತಹ ಮಾನಸಿಕ ಆರೋಗ್ಯದ ಆಸ್ಪತ್ರೆಗೆ ಹೋಗಲು ನಾಚಿಕೊಳ್ಳಬೇಕಿಲ್ಲ.

ಹಣದ ವಿಷಯ ಒಂದಿದೆ. ಹೆರಿಗೆಗೆ ಮುಂಚಿನ ರಜೆಯ ಹಣವನ್ನು ಗರ್ಭಿಣಿಯೆಂಬ ಪುರಾವೆ ಕೊಟ್ಟಾಗ ಮುಂಗಡವಾಗಿ, ಉಳಿದದ್ದನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಗಳೊಳಗೆ ಕೊಡಬೇಕು ಎಂದು ಆ ಕಾಯ್ದೆಯಲ್ಲಿತ್ತು. ರಜೆ ಪಡೆಯಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿರಬೇಕು. ನನಗೆ ಹಾಜರಿ ಪುಸ್ತಕವಿತ್ತು. ನಮ್ಮ ಗೋದಾಮಿನ ನೆರಳಿನಲ್ಲಿ ಕುಳಿತು ಕಿಲೋ ಲೆಕ್ಕದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಅದಿಲ್ಲ. ಅವರಲ್ಲಿಯೂ ಬಸುರಿಯರಿರುತ್ತಾರೆ, ಅವರ ಮೂಗಿಗೆ ಸೆರಗಿನ ಹೊರತು ಬೇರೆ ರಕ್ಷಣೆಯಿಲ್ಲ. ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5,000 ರೂಪಾಯಿಗೆ ಅಂಗನವಾಡಿಯಲ್ಲಿ ಅರ್ಜಿ ಹಾಕಿಸುವುದಷ್ಟೇ ಸದ್ಯಕ್ಕೆ ನನ್ನ ಕೈಯಲ್ಲಿರುವುದು. ದಿನಗೂಲಿಯಾಗಲಿ ತೂಕದ ಕೂಲಿಯಾಗಲಿ, ಬಂದ ದಿನ ಅವರ ಹೆಸರನ್ನು ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆಯಬೇಕೆಂದು ಮಾಲೀಕರಿಗೆ ಇನ್ನೊಂದು ಪುಟದ ಅರ್ಜಿ ಕೊಟ್ಟಿದ್ದೇನೆ. ಅದಕ್ಕೆ ಇನ್ನೂ ಸಹಿಯಾಗಿಲ್ಲ. ಈ ಸುಗ್ಗಿಗೆ ಮೊದಲು ಮತ್ತೆ ಕೇಳುತ್ತೇನೆ.