ಐದು ಶೌಚಾಲಯ, ಒಂದು ಲೈಟು

ಹತ್ತೂವರೆಗೆ ಗೇಟಿನ ಹತ್ತಿರ ಜೀಪು ನಿಂತಾಗ ನಾನು ಉಗ್ರಾಣದಲ್ಲಿ ತೊಗರಿಬೇಳೆ ತೂಗುತ್ತಿದ್ದೆ. ಸ್ಟಾಕ್ ರಿಜಿಸ್ಟರಿನಲ್ಲಿ 18 ಕಿಲೋ, ಡಬ್ಬದಲ್ಲಿ ಹದಿನಾರೂವರೆ. ಅಡುಗೆಯ ಅಕ್ಕ ಹಬ್ಬದ ದಿನ ಹೋಳಿಗೆಗೆ ತೆಗೆದದ್ದನ್ನು ಬರೆಯಲು ಮರೆತಿದ್ದರು.

ಮಲೆನಾಡಿನ ಸಣ್ಣ ಊರಿನ ಹೆಣ್ಣುಮಕ್ಕಳ ಪಾಲನಾ ಗೃಹ ಅದು. ಮಕ್ಕಳು 35, ಮೇಲ್ವಿಚಾರಕಿ ನಾನು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ತಂಡ ಬರಬೇಕು. ಕನಿಷ್ಠ ಮೂವರು, ಅದರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯರು. ವಾರದೊಳಗೆ ವರದಿ ಹೋಗಬೇಕು. ಹಾಗಾಗಿ ನಮ್ಮಲ್ಲಿ ಎಲ್ಲದಕ್ಕೂ ರಿಜಿಸ್ಟರ್. ಹಾಜರಿ, ಔಷಧಿ, ಭೇಟಿಗೆ ಬಂದವರು, ಪ್ರತಿ ಮಗುವಿಗೊಂದು ಕಡತ. ಮಳೆಗಾಲದಲ್ಲಿ ಕಡತಗಳಿಗೆ ಬೂಷ್ಟು ಹಿಡಿಯುತ್ತದೆ, ಅವನ್ನು ಬಿಸಿಲಿಗೆ ಹಾಕುವುದೂ ನನ್ನದೇ ಕೆಲಸ.

ಜೀಪಿನಲ್ಲಿ ಬಂದ ತಂಡಕ್ಕೆ ಬೇಳೆಯ ವಿಷಯ ನಾನೇ ಮೊದಲು ಹೇಳಿಬಿಟ್ಟೆ. ಡಾಕ್ಟರು ನಕ್ಕು, ನೇರ ಗೋಡೆಯ ಬೆಂಕಿ ಆರಿಸುವ ಸಿಲಿಂಡರ್ ಕಡೆ ಹೋದರು. ತಾರೀಖು ಸರಿಯಿತ್ತು. "ಇದನ್ನು ಹೇಗೆ ಉಪಯೋಗಿಸುವುದು, ಒಮ್ಮೆ ತೋರಿಸಿ ಮೇಡಂ" ಅಂದರು. ನನಗೆ ಬರಲಿಲ್ಲ. ಎರಡು ವರ್ಷ ದಿನಾ ಅದರ ಧೂಳು ಒರೆಸಿದ್ದೇನೆ, ಪಿನ್ ಎಲ್ಲಿದೆ ಅಂತ ನೋಡಿರಲಿಲ್ಲ! ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿ ಹಿಡಿದು, ಮೇಲಿನ ಹಿಡಿ ಒತ್ತಬೇಕಂತೆ.

ಆಮೇಲೆ ಶೌಚಾಲಯ. ನಿಯಮದಲ್ಲಿ ಏಳು ಮಕ್ಕಳಿಗೆ ಒಂದು, ನಮ್ಮಲ್ಲಿ ಐದು. ಲೆಕ್ಕ ಸರಿ. ನೀರಿದೆ, ಚಿಲಕ ಇದೆ, ಫಿನಾಯಿಲ್ ವಾಸನೆ ಜಾಸ್ತಿಯೇ ಇದೆ. ನನಗೆ ಸ್ವಲ್ಪ ಜಂಬವೂ ಬಂತು.

ಕೊನೆಗೆ ಮಕ್ಕಳ ಸಲಹಾ ಪೆಟ್ಟಿಗೆ. ಅದರ ಕೀ ನಮ್ಮ ಕೈಯಲ್ಲಿ ಇರುವಂತಿಲ್ಲ. ಇದ್ದರೆ ಪೆಟ್ಟಿಗೆ ಯಾಕೆ, ಅಲ್ವಾ? ತಂಡದ ಜೊತೆ ಬಂದವರ ಹತ್ತಿರ ಕೀ ಇತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಬಿಟ್ಟು ತೆಗೆದರು. ಒಳಗೆ ನಾಲ್ಕು ಚೀಟಿ. ಒಂದರಲ್ಲಿ ಚಪಾತಿ ಗಟ್ಟಿ ಅಂತ. ಮೂರರಲ್ಲಿ ಒಂದೇ ದೂರು: ರಾತ್ರಿ ಟಾಯ್ಲೆಟ್ಟಿಗೆ ಹೋಗುವ ದಾರಿಯಲ್ಲಿ ಲೈಟಿಲ್ಲ, ಹೆದರಿಕೆ ಆಗುತ್ತೆ.

ತಂಡದ ಮೇಡಂ ನನ್ನ ಮುಖ ನೋಡಿದರು. ನನ್ನ ರೂಮಿಗೆ ಬೇರೆ ಬಾತ್‌ರೂಮು. ರಾತ್ರಿ ಸುತ್ತು ಬರುವಾಗ ಕೈಯಲ್ಲಿ ಟಾರ್ಚು. ಆ ದಾರಿ ಕತ್ತಲೆ ಅಂತ ನನಗೆ ಗೊತ್ತೇ ಆಗಿರಲಿಲ್ಲ.

"ಯಾರು ಬರೆದದ್ದು ಅಂತ ಮಾತ್ರ ವಿಚಾರಿಸಬೇಡಿ" ಅಂದರು. ವಿಚಾರಿಸಲಿಲ್ಲ. ಆದರೆ ಒಂದು ಚೀಟಿಯ ಕೈಬರಹ ಗುರುತು ಸಿಕ್ಕಿತು. ದಿನಾ ಬೆಳಿಗ್ಗೆ ಹಾಸಿಗೆ ಒದ್ದೆ ಮಾಡಿಕೊಂಡು ನನ್ನಿಂದ ಬೈಸಿಕೊಳ್ಳುತ್ತಿದ್ದವಳದು.

ಸಂಜೆಯೇ ಬಲ್ಬು ಹಾಕಿಸಿದೆ. ರಾತ್ರಿ ಟಾರ್ಚು ಬಿಟ್ಟು ಸುತ್ತು ಹೋದೆ. ಇಬ್ಬರು ಕೈ ಕೈ ಹಿಡಿದುಕೊಂಡು ಬರುತ್ತಿದ್ದರು.

"ಈಗ ಲೈಟ್ ಇದೆಯಲ್ಲೇ, ಜೋಡಿ ಯಾಕೆ?"

"ಸುಮ್ನೆ ಅಕ್ಕ, ಅಭ್ಯಾಸ ಆಗಿಬಿಟ್ಟಿದೆ."